ಎಂಟಕ್ಕೆ ನಿಂತ ಅಂಗಡಿ, ಒಂಬತ್ತಕ್ಕೆ ಬೆಳೆದ ಪಾದ

ಮದುವೆ ಸೀಸನ್ನಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿನಲ್ಲೋ ಕಮರ್ಷಿಯಲ್ ಸ್ಟ್ರೀಟಿನಲ್ಲೋ ಒಂದು ಚಪ್ಪಲಿ ಅಂಗಡಿಗೆ ಹೋಗಿ, ಗಾಜಿನ ಕಪಾಟಿನಲ್ಲಿರುವ ಚಿನ್ನದ ಬಣ್ಣದ ಹೀಲ್ಸ್ ತೋರಿಸಿ, ‘ಇದರಲ್ಲಿ ಒಂಬತ್ತು ಕೊಡಿ’ ಎಂದು ಕೇಳಿ ನೋಡಿ. ಅಂಗಡಿ ಹುಡುಗ ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಕಾಲು ನೋಡುತ್ತಾನೆ. ‘ಲೇಡೀಸ್‌ನಲ್ಲಿ ಎಂಟರ ಮೇಲೆ ಬರಲ್ಲ ಮೇಡಂ. ಎಂಟೇ ಹಾಕಿ ನೋಡಿ, ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ’ ಎನ್ನುತ್ತಾನೆ.

ಆ ಹುಡುಗನ ತಪ್ಪೇನೂ ಇಲ್ಲ. ಅವನ ಹಿಂದಿನ ಕಪಾಟಿನಲ್ಲಿ ಇರುವುದೇ ಅಷ್ಟು. ಆದರೆ ‘ಲೂಸ್ ಆಗುತ್ತೆ’ ಎಂಬ ಮಾತನ್ನು ನಂಬಿ ಎಂಟನ್ನೇ ಕೊಂಡುತಂದ ಹೆಂಗಸರ ಕಾಲು ನೋಡಿದರೆ ಆ ಮಾತಿನ ಬೆಲೆ ತಿಳಿಯುತ್ತದೆ. ಕಿರುಬೆರಳ ಮೇಲೆ ಆಣಿ, ಹಿಮ್ಮಡಿಯ ಹಿಂದೆ ಒಣಗಿ ಕಪ್ಪಾದ ಬೊಬ್ಬೆಯ ಗುರುತು, ಎರಡನೇ ಬೆರಳು ಮಧ್ಯದಲ್ಲಿ ಗೂನಾಗಿ ಮೇಲೆದ್ದಿರುವುದು. ತೊಗಲು ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ರೆಕ್ಸಿನ್ನಿನಂಥ ಕೃತಕ ವಸ್ತುವಾದರೆ ಎರಡಕ್ಕೂ ಜಗ್ಗುವುದಿಲ್ಲ. ಒಂದು ಸೈಜು ಚಿಕ್ಕದಾದ ಹೀಲ್ಸ್ ಹತ್ತು ಮದುವೆಗೆ ಹಾಕಿಕೊಂಡು ಹೋದರೂ ಚಿಕ್ಕದೇ. ಬದಲಾಗುವುದು ಕಾಲು.

ದೊಡ್ಡ ಪಾದದ ಹೆಣ್ಣುಮಕ್ಕಳು ಈ ಕಷ್ಟವನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ಕಡಿಮೆ. ಹೈಸ್ಕೂಲಿನಲ್ಲಿದ್ದಾಗಲೇ ‘ಇದೇನು ಗಂಡಸರ ಕಾಲಿನ ಹಾಗಿದೆ’ ಎಂದು ಅನ್ನಿಸಿಕೊಂಡವರು ಅವರು. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಸಾಲಿನಲ್ಲಿ ತಮ್ಮದನ್ನು ಕಾಲಿನಿಂದಲೇ ಮೂಲೆಗೆ ಸರಿಸಿ ಒಳಗೆ ಹೋಗುತ್ತಾರೆ. ದಿನಬಳಕೆಗೆ ಗಂಡಸರ ವಿಭಾಗದ ಸ್ಪೋರ್ಟ್ಸ್ ಶೂ, ಫ್ಲೋಟರ್ಸ್ ಸಿಗುತ್ತವೆ. ತೊಡಕು ಬರುವುದು ಸೀರೆ ಉಟ್ಟಾಗ, ಆರತಕ್ಷತೆಗೆ ಹೊರಟಾಗ, ಆಫೀಸಿನ ದೊಡ್ಡ ಸಭೆಯಲ್ಲಿ ವೇದಿಕೆ ಹತ್ತುವಾಗ. ಹೀಲ್ಸ್‌ಗೆ ಗಂಡಸರ ವಿಭಾಗದಲ್ಲಿ ಪರ್ಯಾಯವಿಲ್ಲ. ಆದ್ದರಿಂದ ಚಪ್ಪಲಿ ಉದ್ಯಮದ ಕುಂದು ಎದ್ದು ಕಾಣುವುದು ಇಲ್ಲೇ.

ಎಂಟು ಎಂದರೆ ಎಷ್ಟು?

ನಮ್ಮ ಅಂಗಡಿಗಳ ಸೈಜು ಬ್ರಿಟಿಷರು ಬಿಟ್ಟುಹೋದದ್ದು. ಅದರ ಮೂಲ ಬಾರ್ಲಿ ಕಾಳು. ಮೂರು ಕಾಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು, ಒಂದು ಕಾಳಿನ ಉದ್ದ ಒಂದು ಸೈಜು. ಅಂದರೆ ಒಂದು ಸೈಜಿಗೂ ಮುಂದಿನದಕ್ಕೂ 8.47 ಮಿಲಿಮೀಟರ್ ಅಂತರ. ಯುರೋಪಿನವರದು ಬೇರೆ ಲೆಕ್ಕ. ಒಂದು ಸೆಂಟಿಮೀಟರಿನ ಮೂರನೇ ಎರಡು ಭಾಗ, ಅಂದರೆ 6.67 ಮಿಲಿಮೀಟರ್, ಒಂದು ಸೈಜು. ಎರಡು ಲೆಕ್ಕವೂ ಅಳೆಯುವುದು ಪಾದವನ್ನಲ್ಲ, ಪಾದರಕ್ಷೆ ಹೊಲಿಯಲು ಬಳಸುವ ಅಚ್ಚನ್ನು. ಕಾರ್ಖಾನೆಯವರು ಅದನ್ನು ಲಾಸ್ಟ್ ಎನ್ನುತ್ತಾರೆ, ಕುಶಲಕರ್ಮಿಗಳು ಫರ್ಮಾ ಎನ್ನುತ್ತಾರೆ.

ಬ್ರಿಟಿಷ್ ಎಂಟರ ಫರ್ಮಾ ಲೆಕ್ಕದ ಪ್ರಕಾರ ಸರಿಯಾಗಿ 11 ಇಂಚು, ಅಂದರೆ 27.9 ಸೆಂಟಿಮೀಟರ್. ಯುರೋಪಿನ 41 ಎಂದರೆ 27.3, 42 ಎಂದರೆ 28. ಎಂಟು ಬಂದು ಕೂರುವುದು ಈ ಎರಡರ ನಡುವೆ, 42ರ ಹತ್ತಿರ. ಆದರೆ ಅಂಗಡಿಯಲ್ಲಿ ಒಂದು ಡಬ್ಬದ ಮೇಲೆ ‘8/41’ ಎಂದಿರುತ್ತದೆ, ಪಕ್ಕದ ಕಂಪನಿಯ ಡಬ್ಬದ ಮೇಲೆ ‘8/42’ ಎಂದಿರುತ್ತದೆ. ಎರಡರ ನಡುವಿನ ಏಳು ಮಿಲಿಮೀಟರಿನಲ್ಲಿ ಹೆಬ್ಬೆರಳು ಆರಾಮಾಗಿ ಚಾಚಿಕೊಳ್ಳುವುದೋ ಮಡಚಿಕೊಳ್ಳುವುದೋ ತೀರ್ಮಾನವಾಗುತ್ತದೆ. ಒಂದು ಕಂಪನಿಯ ಎಂಟು ಹಿಡಿಸಿತೆಂದು ಇನ್ನೊಂದು ಕಂಪನಿಯ ಎಂಟನ್ನು ಕಣ್ಣುಮುಚ್ಚಿ ತರುವಂತಿಲ್ಲ.

ಈ ಗೊಂದಲಕ್ಕೆ ನಮ್ಮ ದೇಶದಲ್ಲೇ ಒಂದು ಉತ್ತರ ತಯಾರಾಗಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರ ಪಾದಗಳನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅದರ ಮುಖ್ಯ ಫಲಿತಾಂಶ. ಈಗಿನ ಅಳತೆಗಳು ಕಿರಿದಾದ್ದರಿಂದ ನಮ್ಮವರು ತಮ್ಮ ಉದ್ದಕ್ಕಿಂತ ದೊಡ್ಡ ಚಪ್ಪಲಿ ಹಾಕಿಕೊಂಡು ಸಂಭಾಳಿಸುತ್ತಿದ್ದಾರೆ, ಹೀಲ್ಸ್ ವಿಷಯದಲ್ಲಿ ಹೀಗೆ ದೊಡ್ಡ ಅಳತೆಯದನ್ನು ಹಾಕಿಕೊಂಡ ಹೆಂಗಸರು ನೋವು, ಗಾಯ ಅನುಭವಿಸುತ್ತಿದ್ದಾರೆ ಎಂಬುದೂ ಅದರಲ್ಲಿ ಕಂಡುಬಂತು. ಭಾರತದ್ದೇ ಅಳತೆಗೆ ಸಂಸ್ಥೆ ಸೂಚಿಸಿರುವ ಹೆಸರು ‘ಭಾ’.

ಅಗಲದ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು. ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ಬದುಕು ಸವೆಸಿದವರ ಪಾದಗಳನ್ನು ಬೆಲ್ಜಿಯಂನ ಸಂಶೋಧಕರು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರ ಪಾದದ ಮುಂಭಾಗ ಅಗಲವಾಗಿತ್ತು, ಮೈಭಾರ ಅಂಗಾಲಿನ ಮೇಲೆಲ್ಲ ಸಮನಾಗಿ ಹರಡಿತ್ತು. ಸದಾ ಶೂ ತೊಟ್ಟ ಪಾಶ್ಚಾತ್ಯರ ಪಾದ ಕಿರಿದಾಗಿ, ಕೆಲವೇ ಬಿಂದುಗಳ ಮೇಲೆ ಭಾರ ಬೀಳುತ್ತಿತ್ತು. ಅಗಲ ಪಾದ ಆರೋಗ್ಯವಂತ ಪಾದ. ಅದನ್ನು ಚೂಪು ಮೂತಿಯ ಶೂಗೆ ತುರುಕಬೇಕಾದಾಗ ಮಾತ್ರ ಅದು ಕುಂದಿನಂತೆ ಕಾಣುತ್ತದೆ. ಉದ್ದವೂ ಅಗಲವೂ ಎರಡೂ ಇರುವ ಪಾದಕ್ಕೆ ಅಂಗಡಿಯಲ್ಲಿ ಎರಡು ಬಾಗಿಲೂ ಮುಚ್ಚಿವೆ.

ಅಂಗಡಿ ಅಲ್ಲಿಗೇ ಯಾಕೆ ನಿಲ್ಲುತ್ತದೆ?

ಉತ್ತರ ಕಾರ್ಖಾನೆಯ ಲೆಕ್ಕದಲ್ಲಿದೆ. ಒಂದು ಮಾದರಿಯ ಹೀಲ್ಸ್ ಮಾಡಲು ಪ್ರತಿ ಸೈಜಿಗೂ ಒಂದು ಜೊತೆ ಫರ್ಮಾ ಬೇಕು, ತೊಗಲು ಕತ್ತರಿಸಲು ಬೇರೆ ಡೈ ಬೇಕು, ಸೋಲ್ ಎರಕ ಹೊಯ್ಯಲು ಬೇರೆ ಅಚ್ಚು ಬೇಕು. ಹತ್ತು ಜೊತೆ ಮಾರಾಟವಾಗುವ ಸೈಜಿಗೂ ಸಾವಿರ ಜೊತೆ ಮಾರಾಟವಾಗುವ ಸೈಜಿಗೂ ಈ ಖರ್ಚು ಒಂದೇ. ನಮ್ಮ ಹೆಂಗಸರಲ್ಲಿ ಬಹುಪಾಲು ಜನರ ಸೈಜು 4ರಿಂದ 6. ಸಗಟು ವ್ಯಾಪಾರಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬೇರೆ ಬೇರೆ ಸೈಜು ಕಲಸಿ ‘ಸೆಟ್’ ಕಳಿಸುವಾಗ ಐದು, ಆರನ್ನು ಹೆಚ್ಚು ಹಾಕುತ್ತಾನೆ. ಒಂಬತ್ತು ಹಾಕಿದರೆ ಅದು ಕಪಾಟಿನಲ್ಲಿ ಕೂರುತ್ತದೆಂಬ ಭಯ. ಒಂಬತ್ತು ಇಲ್ಲವೆಂದು ತಿಳಿದವರು ಆ ಅಂಗಡಿಗೆ ಕಾಲಿಡುವುದೇ ಇಲ್ಲ. ಅವರು ಬರದೇ ಇರುವುದನ್ನು ಕಂಡು ವ್ಯಾಪಾರಿ ‘ಈ ಸೈಜಿಗೆ ಗಿರಾಕಿ ಇಲ್ಲ’ ಎಂದು ತೀರ್ಮಾನಿಸುತ್ತಾನೆ. ಈ ಚಕ್ರ ಹೀಗೇ ತಿರುಗುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ವಿನ್ಯಾಸಕಾರರು ಮೊದಲು ಒಂದು ಮಾದರಿ ಸೈಜಿನಲ್ಲಿ ಶೂ ಮಾಡುತ್ತಾರೆ. ಹೆಂಗಸರದ್ದಾದರೆ ಸಾಮಾನ್ಯವಾಗಿ ಬ್ರಿಟಿಷ್ 4 ಅಥವಾ ಯುರೋಪಿನ 37. ಪಟ್ಟಿ ಎಲ್ಲಿಂದ ಹೊರಡಬೇಕು, ಬಕಲ್ ಎಲ್ಲಿ ಕೂರಬೇಕು, ಕಮಾನಿನ ತಿರುವು ಎಲ್ಲಿರಬೇಕು ಎಂದು ಸಾಣೆ ಹಿಡಿದು ನೋಡುವುದು ಆ ಒಂದು ಸೈಜಿನ ಮೇಲೆ. ಉಳಿದ ಸೈಜುಗಳನ್ನು ಲೆಕ್ಕದ ಪ್ರಕಾರ ಹಿಗ್ಗಿಸುತ್ತಾ, ಕುಗ್ಗಿಸುತ್ತಾ ಹೋಗುತ್ತಾರೆ. ನಾಲ್ಕರಿಂದ ಐದಕ್ಕೆ ಹೋಗುವಾಗಿನ ಕೂದಲೆಳೆಯ ತಪ್ಪು ಒಂಬತ್ತಕ್ಕೆ ಬರುವಷ್ಟರಲ್ಲಿ ಐದು ಪಟ್ಟಾಗುತ್ತದೆ. ಅದಕ್ಕೇ ದೊಡ್ಡ ಸೈಜಿನ ಅನೇಕ ಹೀಲ್ಸ್‌ನಲ್ಲಿ ಉದ್ದ ಸರಿಯಾಗಿದ್ದರೂ ಕಮಾನು ತಪ್ಪಿದ ಜಾಗದಲ್ಲಿರುತ್ತದೆ, ಗಿಣ್ಣಿನ ಪಟ್ಟಿ ಬಿಗಿಯುತ್ತದೆ, ಹಿಮ್ಮಡಿ ಮಾತ್ರ ಲೊಡಲೊಡ ಎನ್ನುತ್ತದೆ.

ಬೆಂಗಳೂರಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿರುವ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಕಾರ್ಖಾನೆಗಳು ಯುರೋಪ್, ಅಮೆರಿಕಕ್ಕೆ ಶೂ ರಫ್ತು ಮಾಡುತ್ತವೆ. ಆ ದೇಶಗಳ ಹೆಂಗಸರ ವಿಭಾಗದಲ್ಲಿ 41, 42 ಅಪರೂಪದ ಅಳತೆಗಳಲ್ಲ. ಅಂದರೆ ದೊಡ್ಡ ಫರ್ಮಾದ ಮೇಲೆ ಕೆಲಸ ಮಾಡುವ ಕೈಗಳು ನಮ್ಮ ನೆರೆಯಲ್ಲೇ ಇವೆ. ಆದರೂ ಅಮೆರಿಕದಲ್ಲಿರುವ ಮಗಳು ಊರಿಗೆ ಬರುವಾಗ ಇಲ್ಲಿನ ಅಕ್ಕನಿಗೋ ಅತ್ತೆಗೋ ಅಲ್ಲಿನ ಹನ್ನೊಂದನೇ ಸೈಜಿನ ಸ್ಯಾಂಡಲ್ಸ್ ಸೂಟ್‌ಕೇಸಿನಲ್ಲಿಟ್ಟು ತರುವ ಪರಿಪಾಠ ಎಷ್ಟೋ ಕನ್ನಡ ಮನೆಗಳಲ್ಲಿದೆ. ಇಲ್ಲಿನ ಒಂಬತ್ತೆಂದರೆ ಅಲ್ಲಿನ ಹನ್ನೊಂದು.

ಹೊರದೇಶಗಳಲ್ಲೂ ದೊಡ್ಡ ಸೈಜು ಸಿಗುವಂತಾದದ್ದು ತಾನಾಗಿ ಅಲ್ಲ, ಯಾರೋ ಮನಸ್ಸು ಮಾಡಿದ್ದರಿಂದ. ಲಂಡನ್ನಿನಲ್ಲಿ 1976ರಲ್ಲಿ ಎತ್ತರದ ಹೆಂಗಸರಿಗೆಂದೇ ‘ಲಾಂಗ್ ಟಾಲ್ ಸ್ಯಾಲಿ’ ಅಂಗಡಿ ತೆರೆಯಿತು. ಉದ್ದನೆಯ ಉಡುಪಿನ ಜತೆ ದೊಡ್ಡ ಸೈಜಿನ ಶೂಗಳೂ ಅಲ್ಲಿ ಸಿಗತೊಡಗಿದವು. ಅಮೆರಿಕದ ಸಿಯಾಟಲ್‌ನಲ್ಲಿ 1901ರಲ್ಲಿ ಶೂ ಅಂಗಡಿಯಾಗಿ ಶುರುವಾದ ನಾರ್ಡ್‌ಸ್ಟ್ರಾಮ್, ಸೈಜುಗಳ ವೈವಿಧ್ಯಕ್ಕೇ ಹೆಸರಾಯಿತು. ಎರಡು ಪಾದಗಳ ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿದ್ದವರಿಗೆ ಎಡಕ್ಕೊಂದು, ಬಲಕ್ಕೊಂದು ಸೈಜು ಕೊಡುವ ಪದ್ಧತಿಯೂ ಅಲ್ಲಿದೆ.

ಉದ್ದ ಪಾದಕ್ಕೊಂದು ಅನುಕೂಲ

ಅಂಗಡಿಗಳು ಹೇಳದ ಒಂದು ಮಾತನ್ನು ಇಲ್ಲಿ ಹೇಳಬೇಕು. ಹೀಲ್ಸ್ ಹಾಕಿಕೊಳ್ಳಲು ಉದ್ದ ಪಾದವೇ ಹೆಚ್ಚು ಯೋಗ್ಯ. ಇದು ಸಮಾಧಾನದ ಮಾತಲ್ಲ, ರೇಖಾಗಣಿತ.

ಹೀಲ್ಸ್ ತೊಟ್ಟಾಗ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗಿನ ಭಾಗ ಒಂದು ಇಳಿಜಾರಿನಲ್ಲಿ ನಿಲ್ಲುತ್ತದೆ. ನೋವಿಗೆ ಕಾರಣ ಹೀಲ್‌ನ ಎತ್ತರಕ್ಕಿಂತ ಈ ಇಳಿಜಾರಿನ ಕಡಿದಾದ ಕೋನ. 23 ಸೆಂಟಿಮೀಟರ್ ಪಾದದಲ್ಲಿ ಆ ಭಾಗದ ಉದ್ದ ಸುಮಾರು 16 ಸೆಂಟಿಮೀಟರ್, 27 ಸೆಂಟಿಮೀಟರ್ ಪಾದದಲ್ಲಿ ಸುಮಾರು 19. ಇಬ್ಬರೂ ಏಳೂವರೆ ಸೆಂಟಿಮೀಟರ್, ಅಂದರೆ ಮೂರು ಇಂಚಿನ ಹೀಲ್ಸ್ ಹಾಕಿಕೊಂಡರೆ ಮೊದಲಿನವಳ ಪಾದ ಸುಮಾರು 28 ಡಿಗ್ರಿ ಕೋನದಲ್ಲಿ, ಎರಡನೆಯವಳ ಪಾದ ಸುಮಾರು 23 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ. ಒಂಬತ್ತರ ಪಾದಕ್ಕೆ ಮೂರು ಇಂಚು ಎಷ್ಟು ಕಷ್ಟವೋ ನಾಲ್ಕರ ಪಾದಕ್ಕೆ ಎರಡೂವರೆ ಇಂಚು ಅಷ್ಟು ಕಷ್ಟ. ದೊಡ್ಡ ಪಾದದವರು ನೆಲಕ್ಕಂಟಿದ ಚಪ್ಪಲಿಯೇ ಗತಿ ಎಂದುಕೊಳ್ಳಬೇಕಾಗಿಲ್ಲ. ಅವರಿಗೆ ಬೇಕಾದದ್ದು ತಮ್ಮ ಉದ್ದಕ್ಕೆ ಹೊಂದುವ ಕಮಾನು.

ಹೀಲ್ಸ್ ಲೋಕದ ಮೇರು ಕುಶಲಕರ್ಮಿ, ಇಟಲಿಯ ಸಾಲ್ವತೋರೆ ಫೆರಗಾಮೊಗೆ ಇದು ಗೊತ್ತಿತ್ತು. ಹಾಲಿವುಡ್ ನಟಿಯರಿಗೆ ಶೂ ಹೊಲಿಯುತ್ತಿದ್ದಾಗ, ಚೆಂದದ ಶೂಗಳೂ ಕಾಲು ನೋಯಿಸುವುದನ್ನು ಕಂಡು, ಆತ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಓದಿದ. ನೆಟ್ಟಗೆ ನಿಂತ ದೇಹದ ಭಾರ ಪಾದದ ಕಮಾನಿನ ಮೇಲೆ ಬೀಳುತ್ತದೆ, ಶೂ ಆಸರೆ ಕೊಡಬೇಕಾದದ್ದು ಅಲ್ಲಿ ಎಂದು ಕಂಡುಕೊಂಡು ಕಮಾನಿನ ಕೆಳಗೆ ಉಕ್ಕಿನ ಪಟ್ಟಿ ಇಟ್ಟ. 1957ರಲ್ಲಿ ಬಂದ ಆತ್ಮಕಥೆಯಲ್ಲಿ ಆತ ತನ್ನ ಗಿರಾಕಿಗಳನ್ನು ಪಾದದ ಅಳತೆಯ ಮೇಲೆ ಮೂರು ಗುಂಪು ಮಾಡುತ್ತಾನೆ. ಅಮೆರಿಕದ ಆರಕ್ಕಿಂತ ಚಿಕ್ಕ ಪಾದದವರು ಸಿಂಡ್ರೆಲಾಗಳು, ಆರರವರು ವೀನಸ್‌ಗಳು, ಏಳು ಮತ್ತು ಅದಕ್ಕಿಂತ ದೊಡ್ಡ ಪಾದದವರು ಅರಿಸ್ಟೋಕ್ರಾಟ್‌ಗಳು, ಅಂದರೆ ಶ್ರೀಮಂತ ಮನೆತನದವರು. ಆತನ ಗಿರಾಕಿಗಳ ಮರದ ಫರ್ಮಾಗಳು ಫ್ಲಾರೆನ್ಸ್‌ನ ವಸ್ತುಸಂಗ್ರಹಾಲಯದಲ್ಲಿವೆ. ಒಬ್ಬೊಬ್ಬರ ಪಾದಕ್ಕೂ ಒಂದೊಂದು ಫರ್ಮಾ.

ಒಳಗೆ ಏನಿದೆ ನೋಡಿ

ಹಳೆಯ ಹೀಲ್ಸ್ ಒಂದನ್ನು ಬಿಚ್ಚಿ ನೋಡಿದರೆ ಆರಾಮದ ಗುಟ್ಟು ತಿಳಿಯುತ್ತದೆ. ಒಳಅಟ್ಟೆಯ ಕೆಳಗೆ, ಹಿಮ್ಮಡಿಯಿಂದ ಕಮಾನಿನವರೆಗೆ ಬೆರಳಗಲದ ಒಂದು ಬಾಗಿದ ಉಕ್ಕಿನ ಪಟ್ಟಿ ಇರುತ್ತದೆ. ಅದೇ ಶ್ಯಾಂಕ್. ಪಾದದ ಭಾರಕ್ಕೆ ಶೂ ನಡುವೆ ಕುಸಿಯದಂತೆ ಹಿಡಿದಿಡುವುದು ಅದು. ಅಗ್ಗದ ಹೀಲ್ಸ್‌ನಲ್ಲಿ ಅದು ತೆಳುವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಉದ್ದ ಶೂನಲ್ಲಿ ಹಿಮ್ಮಡಿಗೂ ಮುಂಗಾಲಿಗೂ ನಡುವಿನ ಅಂತರ ಹೆಚ್ಚು. ಆದ್ದರಿಂದ ನಾಲ್ಕರ ಶೂಗೆ ಸಾಲುವ ಶ್ಯಾಂಕ್ ಒಂಬತ್ತರ ಶೂಗೆ ಸಾಲದು. ಹಿಮ್ಮಡಿಯ ಸುತ್ತ ತೊಗಲಿನ ಪದರಗಳ ನಡುವೆ ಗಟ್ಟಿಯಾದ ಬಟ್ಟಲಿನಂಥ ಭಾಗವಿರುತ್ತದೆ. ಅದು ಮೆತ್ತಗಿದ್ದರೆ ಹಿಮ್ಮಡಿ ಅತ್ತಿತ್ತ ಓಲಾಡಿ ಗಿಣ್ಣು ಉಳುಕುತ್ತದೆ.

ದೊಡ್ಡ ಸೈಜಿನ ಹೀಲ್ಸ್‌ಗೆ ಹೆಚ್ಚು ಗಟ್ಟಿಯಾದ ಒಡಲು ಬೇಕೆಂಬುದನ್ನು ತೋರಿಸಿದ್ದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಅರ್ಲ್ಸ್ ಬಾರ್ಟನ್ ಎಂಬ ಊರಿನ ಒಂದು ಕಾರ್ಖಾನೆ. ಡಬ್ಲ್ಯು.ಜೆ. ಬ್ರೂಕ್ಸ್ ಎಂಬ ಆ ಕಾರ್ಖಾನೆ ತಲೆಮಾರುಗಳಿಂದ ಗಂಡಸರ ಶೂ ಮಾಡುತ್ತಿತ್ತು. 1990ರ ದಶಕದ ಕೊನೆಯಲ್ಲಿ ವ್ಯಾಪಾರ ಕುಸಿದಾಗ ಅದರ ಮಾಲೀಕ ಸ್ಟೀವ್ ಪೇಟ್‌ಮನ್‌ಗೆ ಫೋಕ್‌ಸ್ಟನ್ ಊರಿನ ಅಂಗಡಿಯೊಂದರಿಂದ ಕರೆ ಬಂತು. ಹೆಂಗಸರ ಮಾದರಿಯ ಹೀಲ್ಸ್ ಗಂಡಸರ ಸೈಜಿನಲ್ಲಿ ಮಾಡಿಕೊಡಬಹುದೇ ಎಂಬುದು ಪ್ರಶ್ನೆ. ಮಾಡಿಕೊಟ್ಟರು. ಹೆಚ್ಚಿನ ಭಾರ ತಡೆಯುವಂತೆ ಹೀಲ್ ಮತ್ತು ಕಮಾನನ್ನು ಬಲಪಡಿಸಿ ‘ಡಿವೈನ್’ ಎಂಬ ಹೆಸರಿನಲ್ಲಿ ಮಾರಿದರು. ಆ ಕಥೆಯೇ 2005ರಲ್ಲಿ ‘ಕಿಂಕಿ ಬೂಟ್ಸ್’ ಸಿನಿಮಾ ಆಯಿತು. ಬ್ರಾಡ್‌ವೇಗೆ ಬಂದ ಅದರ ಸಂಗೀತ ನಾಟಕ 2013ರಲ್ಲಿ ಅತ್ಯುತ್ತಮ ಮ್ಯೂಸಿಕಲ್ ಟೋನಿ ಪ್ರಶಸ್ತಿ ಪಡೆಯಿತು.

ನಮ್ಮಲ್ಲೂ ಈ ಅಳತೆಯ ಹೀಲ್ಸ್ ಹುಡುಕುವವರಲ್ಲಿ ಟ್ರಾನ್ಸ್ ಮಹಿಳೆಯರಿದ್ದಾರೆ, ವೇದಿಕೆಯ ಮೇಲೆ ಹೆಣ್ಣುಪಾತ್ರ ಮಾಡುವ ಕಲಾವಿದರಿದ್ದಾರೆ, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಎತ್ತರದ ಹುಡುಗಿಯರಿದ್ದಾರೆ. ಹೆರಿಗೆಯ ನಂತರ ಪಾದ ಬೆಳೆದ ತಾಯಂದಿರೂ ಇದ್ದಾರೆ. ಬಸುರಿನಲ್ಲಿ ಪಾದದ ಕಮಾನು ತಗ್ಗಿ ಪಾದ ಉದ್ದವಾಗುತ್ತದೆ, ಎಷ್ಟೋ ಜನರಲ್ಲಿ ಹಾಗೇ ಉಳಿಯುತ್ತದೆ ಎಂಬುದನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಅಳೆದು ತೋರಿಸಿದರು. ಏಳರಲ್ಲಿ ಆರಾಮಾಗಿದ್ದವಳು ಮಗುವಿನ ನಾಮಕರಣದ ಹೊತ್ತಿಗೆ ಎಂಟಕ್ಕೆ ಬಂದಿರುತ್ತಾಳೆ. ಹಳೆಯ ಹೀಲ್ಸ್ ಕಚ್ಚಿದರೆ ‘ಬಾವು ಇನ್ನೂ ಇಳಿದಿಲ್ಲ’ ಎಂದುಕೊಳ್ಳುತ್ತಾಳೆ.

ದೇಹದ ಮಾತನ್ನೂ ಕೇಳಬೇಕು

ಸರಿಯಾದ ಸೈಜು ಸಿಕ್ಕಿತೆಂದು ಬೆಳಗ್ಗಿನಿಂದ ಸಂಜೆಯವರೆಗೆ ಹೀಲ್ಸ್ ಮೇಲೆ ನಿಲ್ಲಬಾರದು. ಹಿಮ್ಮಡಿ ಮೇಲೇರಿದಷ್ಟೂ ಭಾರ ಬೆರಳುಗಳ ಬುಡಕ್ಕೆ ಜಾರುತ್ತದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ನಿತ್ಯ ಹೀಲ್ಸ್ ತೊಟ್ಟ ಹೆಂಗಸರ ಮೀನಖಂಡದ ಸ್ನಾಯು ಎಳೆಗಳು ಸುಮಾರು ಶೇ 13ರಷ್ಟು ಗಿಡ್ಡವಾಗಿದ್ದವು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪವಾಗಿ ಬಿರುಸಾಗಿತ್ತು ಎಂದು ಮ್ಯಾಂಚೆಸ್ಟರಿನ ಸಂಶೋಧಕರ ತಂಡ 2010ರಲ್ಲಿ ಪ್ರಕಟಿಸಿತು. ಅಂಥವರಿಗೆ ಹೀಲ್ಸ್ ಬಿಟ್ಟು ಚಪ್ಪಟೆ ಚಪ್ಪಲಿ ಹಾಕಿದರೇ ನೋವು. ಅಗಲ ಹೀಲ್ ಆದರೆ ಮಂಡಿಗೆ ತೊಂದರೆಯಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅಮೆರಿಕದ ವೈದ್ಯೆ ಕೇಸಿ ಕೆರಿಗನ್ ಮತ್ತು ಸಂಗಡಿಗರು 1998ರಲ್ಲಿ ಚೂಪು ಹೀಲ್ಸ್ ಬಗ್ಗೆ, 2001ರಲ್ಲಿ ಅಗಲ ಹೀಲ್ಸ್ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಎರಡರಲ್ಲೂ ಮಂಡಿಯ ಮೇಲಿನ ಒತ್ತಡ ಹೆಚ್ಚಾಗಿತ್ತು. ಅಗಲ ಹೀಲ್ ಗಿಣ್ಣನ್ನು ಉಳಿಸುತ್ತದೆ, ಮಂಡಿಯನ್ನಲ್ಲ.

ಮಧುಮೇಹ ಇರುವವರು ಇನ್ನೂ ಎಚ್ಚರವಾಗಿರಬೇಕು. ನರಗಳ ಸ್ಪರ್ಶ ಕುಂದಿದ ಪಾದಕ್ಕೆ ಚಪ್ಪಲಿ ಕಚ್ಚಿದ್ದು ಗೊತ್ತಾಗುವುದಿಲ್ಲ. ಸಣ್ಣ ಬೊಬ್ಬೆ ಹುಣ್ಣಾಗಿ ಬೆಳೆಯುತ್ತದೆ. ಅಂಥವರು ಚಿಕ್ಕ ಸೈಜಿನ ಹೀಲ್ಸ್ ಒಂದು ಸಂಜೆಯ ಮಟ್ಟಿಗೂ ಹಾಕಿಕೊಳ್ಳಬಾರದು.

ಹೀಲ್ಸ್ ಹಾಕಿಕೊಳ್ಳುವುದು ಬಿಡುವುದು ಅವರವರ ಇಷ್ಟ. 2015ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಎಂಬ ಯುವತಿ ಹೀಲ್ಸ್ ಇಲ್ಲದೆ ಸ್ವಾಗತಕಾರಿಣಿಯ ಕೆಲಸಕ್ಕೆ ಹೋದಾಗ ಆಕೆಯನ್ನು ಮನೆಗೆ ಕಳಿಸಿದ್ದರು. ಆಕೆಯ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ವಿಷಯ ಬ್ರಿಟಿಷ್ ಸಂಸತ್ತಿನವರೆಗೆ ಹೋಯಿತು. ಹಾಕಿಕೊಳ್ಳಲೇಬೇಕು ಎನ್ನುವುದು ಎಷ್ಟು ತಪ್ಪೋ, ನಿನ್ನ ಕಾಲಿಗೆ ಇಲ್ಲ ಎನ್ನುವುದೂ ಅಷ್ಟೇ ತಪ್ಪು.

ಶಿವಾಜಿನಗರದ ಗಲ್ಲಿಯಲ್ಲಿ

ಅಂಗಡಿಯಲ್ಲಿ ಸಿಗದಿದ್ದರೆ ಹೊಲಿಸಿಕೊಳ್ಳಬಹುದು. ಬೆಂಗಳೂರಿನ ಶಿವಾಜಿನಗರದ ಸುತ್ತಮುತ್ತ ಇನ್ನೂ ಅಳತೆ ಕೊಟ್ಟು ಶೂ ಹೊಲಿಸಿಕೊಳ್ಳುವ ಚಿಕ್ಕ ಅಂಗಡಿಗಳಿವೆ. ಅಂಥ ಒಂದರಲ್ಲಿ ನನ್ನ ಗೆಳತಿಗೆ ಅಳತೆ ತೆಗೆಯುವುದನ್ನು ನಾನು ಕೂತು ನೋಡಿದೆ. ವಯಸ್ಸಾದ ಕುಶಲಕರ್ಮಿ ನೆಲದ ಮೇಲೆ ರಿಜಿಸ್ಟರ್ ಪುಸ್ತಕ ಬಿಚ್ಚಿಟ್ಟು, ‘ಎರಡೂ ಕಾಲ ಮೇಲೆ ಭಾರ ಹಾಕಿ ನಿಲ್ಲಿ ಅಮ್ಮಾ. ಕೂತು ಅಳತೆ ಕೊಟ್ರೆ ನಾಳೆ ಕಚ್ಚುತ್ತೆ’ ಎಂದರು. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದರು. ಬೆರಳುಗಳ ಬುಡ, ಪಾದದ ಮೇಲುಬ್ಬು, ಗಿಣ್ಣು, ಹೀಗೆ ಒಂದೊಂದು ಕಡೆ ಟೇಪು ಸುತ್ತಿ ಗೆರೆಯ ಪಕ್ಕದಲ್ಲೇ ಅಂಕಿ ಬರೆದರು. ಎಡಗಾಲು ಬಲಗಾಲಿಗಿಂತ ನಾಲ್ಕು ಮಿಲಿಮೀಟರ್ ಉದ್ದ ಬಂತು.

‘ಭಾಯ್, ಎರಡು ಪಾದ ಬೇರೆ ಬೇರೆ ಇದೆಯಲ್ಲ?’ ಎಂದಳು ಗೆಳತಿ.

‘ಎಲ್ಲರದ್ದೂ ಹಂಗೇ ಅಮ್ಮಾ. ದೊಡ್ಡ ಕಾಲಿಗೆ ಹೊಲೀಬೇಕು, ಚಿಕ್ಕ ಕಾಲಿಗೆ ಒಳಗೆ ಪ್ಯಾಡ್ ಹಾಕಬೇಕು.’

ಆಮೇಲೆ ಅಟ್ಟದಿಂದ ಫರ್ಮಾ ತೆಗೆದರು. ಹೆಬ್ಬೆರಳ ಬುಡದಲ್ಲಿ ಅವಳಿಗೆ ಮೂಳೆ ಸ್ವಲ್ಪ ಉಬ್ಬಿತ್ತು. ಫರ್ಮಾದ ಅದೇ ಜಾಗದಲ್ಲಿ ತೊಗಲಿನ ಒಂದು ಸಣ್ಣ ಬಿಲ್ಲೆ ಅಂಟಿಸಿ, ಉಜ್ಜಿ ನಯ ಮಾಡಿದರು. ಇನ್ನು ಅದರ ಮೇಲೆ ಎಳೆದು ಕೂರಿಸಿದ ತೊಗಲು ಆ ಮೂಳೆಗೆ ಜಾಗ ಬಿಟ್ಟೇ ರೂಪುಗೊಳ್ಳುತ್ತದೆ. ನಾಲ್ಕು ಇಂಚಿನ ಹೀಲ್ ಕೇಳಿದ್ದಕ್ಕೆ ತಲೆಯಾಡಿಸಿದರು. ‘ಈ ಫರ್ಮಾ ಎರಡೂವರೆಗೆ ಮಾಡಿರೋದು. ಇದರ ಮೇಲೆ ನಾಲ್ಕು ಕೂರಿಸಿದ್ರೆ ನೀವು ಮುಂದಕ್ಕೆ ಬೀಳ್ತೀರಿ.’ ಪ್ರತಿ ಫರ್ಮಾದ ಕಮಾನು ಒಂದು ಎತ್ತರಕ್ಕೆ ಮಾತ್ರ ತಯಾರಾಗಿರುತ್ತದೆ. ಹೊಲಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ: ನನ್ನ ಸೈಜಿನ ಫರ್ಮಾ ಎಷ್ಟು ಎತ್ತರದ್ದಿದೆ?

ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಕುಶಲಕರ್ಮಿಗಳ ಕೈಯಲ್ಲೂ ಇಂಥ ಅಳತೆಯ ಜ್ಞಾನವಿದೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದಂತೆ ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಸರ್ಕಾರಿ ಸಂಸ್ಥೆ ಲಿಡ್ಕರ್ ಇಂಥ ಕುಶಲಕರ್ಮಿಗಳ ಬೆನ್ನಿಗಿದೆ. ದೊಡ್ಡ ಸೈಜಿನ, ಒಂದೂವರೆ ಎರಡು ಇಂಚಿನ ಸೀರೆಗೊಪ್ಪುವ ಹೀಲ್ಸ್ ಈ ಕೈಗಳಿಂದ ಬಂದರೆ ಅದಕ್ಕೆ ಗಿರಾಕಿಗಳು ಕಾದಿದ್ದಾರೆ.

ಕೊಳ್ಳುವ ಮೊದಲು

ಅಳತೆಯನ್ನು ಮನೆಯಲ್ಲೇ ತೆಗೆದುಕೊಳ್ಳಿ. ಸಂಜೆ ಹೊತ್ತಿನಲ್ಲಿ ತೆಗೆಯಿರಿ, ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗೆರೆ ಹಾಕಿ. ಅನೇಕರಿಗೆ ಹೆಬ್ಬೆರಳಿಗಿಂತ ಎರಡನೆಯದೇ ಉದ್ದ. ಎರಡೂ ಪಾದ ಅಳೆದು ದೊಡ್ಡದನ್ನು ಮಿಲಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ, ಅಗಲವನ್ನೂ ಬರೆಯಿರಿ. ಆನ್‌ಲೈನಿನಲ್ಲಿ ಕೊಳ್ಳುವವರು ‘8’ ‘9’ ಎಂಬ ಅಂಕಿ ಬಿಟ್ಟು ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಕೊಟ್ಟಿರುವ ಪಟ್ಟಿಯನ್ನೇ ನೋಡಬೇಕು. ವಾಪಸು ಕಳಿಸುವ ಅವಕಾಶವಿಲ್ಲದ ಕಡೆ ಕೊಳ್ಳಬಾರದು.

ಅಂಗಡಿಯಲ್ಲಿ ಶೂ ಕೈಗೆ ಬಂದಾಗ ಹೀಲ್ ಮತ್ತು ಮೂತಿ ಹಿಡಿದು ಬಗ್ಗಿಸಿ ನೋಡಿ. ಬೆರಳುಗಳ ಬುಡದಲ್ಲಿ ಬಗ್ಗಬೇಕು, ಕಮಾನಿನ ನಡುವೆ ಬಗ್ಗಬಾರದು. ಮೇಜಿನ ಮೇಲಿಟ್ಟು ಹೀಲನ್ನು ಬೆರಳಿಂದ ತಳ್ಳಿ, ಅಲುಗಾಡಿದರೆ ಬೇಡ. ಹೀಲ್‌ನ ತುದಿಯ ಅಗಲ ನೋಡಿ. ಪೆನ್ಸಿಲ್ ಹೀಲ್‌ನ ತುದಿ ಒಂದು ಚದರ ಸೆಂಟಿಮೀಟರ್ ಆಸುಪಾಸು, ನಾಲ್ಕು ಸೆಂಟಿಮೀಟರ್ ಚೌಕದ ಬ್ಲಾಕ್ ಹೀಲ್ ಆದರೆ ಅದೇ ಭಾರಕ್ಕೆ 16 ಚದರ ಸೆಂಟಿಮೀಟರ್ ಆಸರೆ. ನಮ್ಮ ಫುಟ್‌ಪಾತಿನ ಕಲ್ಲುಚಪ್ಪಡಿಗಳ ಸಂದಿಗೂ ಆರತಕ್ಷತೆಯ ಹುಲ್ಲುಹಾಸಿಗೂ ಬ್ಲಾಕ್ ಅಥವಾ ವೆಜ್ ಹೀಲ್ಸೇ ಸರಿ. ಮುಂಭಾಗದಲ್ಲಿ ಒಂದು ಇಂಚು ದಪ್ಪದ ಸೋಲ್ ಇದ್ದರೆ ಮೂರೂವರೆ ಇಂಚಿನ ಹೀಲ್ ಕಾಲಿಗೆ ಎರಡೂವರೆಯೇ ಆಗುತ್ತದೆ.

ಕಾಲುಂಗುರ ತೊಡುವವರು ಅದನ್ನು ತೊಟ್ಟೇ ಹಾಕಿ ನೋಡಬೇಕು. ಚೂಪು ಮೂತಿಯ ಮುಚ್ಚಿದ ಶೂನಲ್ಲಿ ಅದು ಪಕ್ಕದ ಬೆರಳಿಗೆ ಒತ್ತುತ್ತದೆ. ಅವರಿಗೆ ಮುಂದೆ ತೆರೆದ ಸ್ಯಾಂಡಲ್ಸ್ ಒಳ್ಳೆಯದು. ಆದರೆ ಬೆರಳು ಸೋಲ್ ದಾಟಿ ಹೊರಗೆ ಇಣುಕಿದರೆ ಆ ಸೈಜು ನಿಮ್ಮದಲ್ಲ. ಗಿಣ್ಣಿಗೆ ಪಟ್ಟಿ ಇರುವುದು ಪಾದ ಮುಂದಕ್ಕೆ ಜಾರದಂತೆ ತಡೆಯುತ್ತದೆ. ಮಂಟಪದಲ್ಲಿ ಪದೇಪದೇ ಕಳಚಬೇಕಾದ ದಿನಕ್ಕೆ ಬಕಲ್ಲಿನ ಬದಲು ಎಲಾಸ್ಟಿಕ್ ಪಟ್ಟಿ ಆರಿಸಿಕೊಳ್ಳಿ. ಸೀರೆ ಉಡುವುದಕ್ಕೆ ಮೊದಲೇ ಹೀಲ್ಸ್ ಹಾಕಿಕೊಂಡು ನಿಲ್ಲಿ, ಅಂಚಿನ ಮಟ್ಟ ಸರಿಯಾಗಿ ಬರುತ್ತದೆ. ಹೊಸ ಹೀಲ್ಸ್ ಅನ್ನು ಮದುವೆ ದಿನ ಮೊದಲ ಬಾರಿ ತೊಡಬೇಡಿ, ವಾರ ಮುಂಚಿನಿಂದ ಮನೆಯೊಳಗೆ ಅರ್ಧರ್ಧ ಗಂಟೆ ಹಾಕಿಕೊಂಡು ನಡೆದಾಡಿ. ಕಳಚಿದ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಹಿಮ್ಮಡಿ ಕೆಳಗಿಳಿಸಿ ಮೀನಖಂಡವನ್ನು ಮೆಲ್ಲಗೆ ಎಳೆಯಿರಿ.

ಕೇಳಬೇಕಾದವರು ನಾವು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಾಸಿಗೆಗೆ ಸರಿ, ಚಪ್ಪಲಿಗಲ್ಲ. ಇಲ್ಲಿ ಕಾಲು ಇದ್ದಷ್ಟು ಚಪ್ಪಲಿ ಬೆಳೆಯಬೇಕು. ಪಾದದ ಉದ್ದ ಯಾರೂ ಆರಿಸಿಕೊಂಡು ಬಂದದ್ದಲ್ಲ. ಅದಕ್ಕೆ ಹೊಂದುವ ಶೂ ಮಾಡುವ ವಿದ್ಯೆ, ಕಾರ್ಖಾನೆ, ಕುಶಲಕರ್ಮಿ ಮೂರೂ ನಮ್ಮಲ್ಲಿವೆ. ಒಂದು ಲಕ್ಷಕ್ಕೂ ಮಿಕ್ಕಿ ಜನರ ಪಾದಗಳ ಅಳತೆಯೂ ಈಗ ದೇಶದ ಕೈಯಲ್ಲಿದೆ. ಅದರಲ್ಲಿ ಉದ್ದ ಪಾದದ ಹೆಂಗಸರದ್ದೂ ಇದೆ. ‘ಭಾ’ ಅಳತೆ ಜಾರಿಗೆ ಬರುವಾಗ ಅದು ಶಾಲಾ ಮಕ್ಕಳ ಬೂಟು, ಗಂಡಸರ ಶೂಗಳಿಗೆ ನಿಲ್ಲದೆ ಹೆಂಗಸರ ಹೀಲ್ಸ್‌ವರೆಗೂ, ಅದರಲ್ಲೂ ಕೊನೆಯ ಸೈಜಿನವರೆಗೂ ಬರಬೇಕು.

ವ್ಯಾಪಾರಿಗಳಲ್ಲಿ ಒಂದು ವಿನಂತಿ. ಎಲ್ಲ ಮಾದರಿಗಳಲ್ಲಿ ಆಗದಿದ್ದರೂ ಎರಡು ಮಾದರಿಗಳಲ್ಲಿ, ಒಂದು ಕಪ್ಪು ಒಂದು ಚಿನ್ನದ ಬಣ್ಣ, ಒಂಬತ್ತು ಮತ್ತು ಹತ್ತು ತರಿಸಿಡಿ. ‘ದೊಡ್ಡ ಸೈಜು ಸಿಗುತ್ತದೆ’ ಎಂದು ಬಾಗಿಲಲ್ಲಿ ಬರೆದು ಹಾಕಿ. ಬಂದು ಕೇಳಿದವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಇನ್ನು ಓದುಗರಲ್ಲಿ ಹೇಳುವುದು ಇಷ್ಟೇ. ಅಂಗಡಿಗೆ ಹೋಗಿ ನಿಮ್ಮ ಸೈಜನ್ನು ಗಟ್ಟಿಯಾಗಿ ಕೇಳಿ. ಇಲ್ಲವೆಂದರೆ ಪುಸ್ತಕದಲ್ಲಿ ಬರೆದುಕೊಳ್ಳಲು ಹೇಳಿ. ಒಂದು ಸೈಜು ಚಿಕ್ಕದನ್ನು ಯಾವ ಕಾರಣಕ್ಕೂ ಮನೆಗೆ ತರಬೇಡಿ.